ಸೋತಾಗ ಮಾತ್ರ ಮಶಿನ್ ಹಾಳಾಗ್ತದಾ?

ಕಾಳಿ_ದಡ (ಭಾನುವಾರ, ಬೆಳಿಗ್ಗೆ 8:40)

ನಿನ್ನೆ ಸಂಜೆ ಕಾರವಾರದ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತಾ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹಿರಿಯರು. ಒಬ್ಬರದು ಈ ಪಕ್ಷ, ಇನ್ನೊಬ್ಬರದು ಆ ಪಕ್ಷ, ಅಷ್ಟು ಹೇಳಿದರೆ ಸಾಕು. ಮೊದಲನೆಯವರು ಹೇಳಿದರು, "2024ರಲ್ಲಿ ನಮ್ಮನ್ನು ಸೋಲಿಸಿದ್ದು ಜನ ಅಲ್ಲ, ವೋಟಿನ ಮಶಿನ್." ಎರಡನೆಯವರು ತಣ್ಣಗೆ ಕೇಳಿದರು, "ಹಂಗಾರೆ 2023ರಲ್ಲಿ ನಿಮ್ಮನ್ನು ಗೆಲ್ಲಿಸಿದ್ದು ಯಾರು?" ಅಲ್ಲಿಂದ ಹತ್ತಿದ ಜಗಳ ಅಂಗಡಿಯವರು ಗ್ಲಾಸ್ ಎತ್ತಿಕೊಂಡು ಹೋಗುವವರೆಗೂ ಮುಗಿಯಲಿಲ್ಲ.

ಮನೆಗೆ ಬಂದು ಯೋಚಿಸಿದೆ. 2023ರ ವಿಧಾನಸಭೆಯಲ್ಲಿ ನಮ್ಮ ಜಿಲ್ಲೆಯ ಆರು ಸೀಟಲ್ಲಿ ನಾಲ್ಕು ಕಾಂಗ್ರೆಸ್‌ಗೆ ಬಂತು. ಸ್ಪೀಕರ್ ಆಗಿದ್ದ ಬಿಜೆಪಿಯ ಕಾಗೇರಿಯವರು ಶಿರಸಿಯಲ್ಲಿ 8,712 ಮತದಿಂದ ಸೋತರು. ಒಂದೇ ವರ್ಷ. ಅದೇ ಕಾಗೇರಿಯವರು ಲೋಕಸಭೆಗೆ ನಿಂತು 3.37 ಲಕ್ಷ ಅಂತರದಲ್ಲಿ ಗೆದ್ದರು. ಲೋಕಸಭೆಗೆ ಕಿತ್ತೂರು, ಖಾನಾಪುರವೂ ಸೇರುತ್ತವೆ, ಗೊತ್ತು. ಆದರೂ ಜನ ಬಹುಪಾಲು ಅದೇ, ಮಶಿನ್ ಅದೇ ತರಹದ್ದು, ಡ್ಯೂಟಿಗೆ ಬಂದ ಮಾಸ್ತರುಗಳೂ ಅವರೇ. ಒಂದು ಸಲ ಸರಿ, ಇನ್ನೊಂದು ಸಲ ಮೋಸ ಅಂದರೆ ಹೇಗೆ?

ಸೋತ ಪಕ್ಷ ಫಲಿತಾಂಶ ಒಪ್ಪದೇ ಇರುವುದು ಬರೀ ಮುಖ ಉಳಿಸಿಕೊಳ್ಳುವ ಆಟವಾ? ಅಥವಾ ಒಳಗೆ ನಿಜಕ್ಕೂ ಏನಾದರೂ ಇದೆಯಾ? ಚುನಾವಣೆ ಡ್ಯೂಟಿ ಮಾಡಿದವರು, ಏಜೆಂಟ್ ಆಗಿ ಕೂತವರು ಇದ್ದರೆ ಹೇಳಿ. ಬೈಗುಳ ಬೇಡ.

ಬಂಗಡೆ_ಸಾರು (8:52)

ಬೈಗುಳ ಬೇಡ ಅಂದ ಮೇಲೆ ನಮ್ಮಂಥವರಿಗೆ ಇಲ್ಲಿ ಎಂತ ಕೆಲಸ?

ಚಾಲಿ_ಅಡಿಕೆ (9:05)

ಆಟ ಅಂತಲೇ ನನ್ನ ಅಭಿಪ್ರಾಯ. ಆಂಧ್ರ ನೋಡಿ. 2019ರಲ್ಲಿ ಚಂದ್ರಬಾಬು ನಾಯ್ಡು ಮಶಿನ್ ಸರಿ ಇಲ್ಲ ಅಂತ ದಿಲ್ಲಿವರೆಗೆ ಹೋದರು, ಸೋತರು. 2024ರಲ್ಲಿ ಅವರು ಗೆದ್ದರು. ಆಗ ಜಗನ್ ಎದ್ದು ನಿಂತು ಬ್ಯಾಲೆಟ್ ಪೇಪರ್ ಬೇಕು ಅಂದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ 2024ರ ನವೆಂಬರ್‌ನಲ್ಲಿ ಒಂದು ಅರ್ಜಿ ವಜಾ ಮಾಡುವಾಗ ಇವರಿಬ್ಬರ ಹೆಸರೆತ್ತಿ ಇದನ್ನೇ ಹೇಳಿದರು, ಸೋತರೆ ಮಶಿನ್ ಮೋಸ, ಗೆದ್ದರೆ ಮಾತಿಲ್ಲ ಅಂತ.

ಬಿಜೆಪಿಯವರು ಈಗ ನಗುತ್ತಾರೆ. 2009ರಲ್ಲಿ ಸೋತಾಗ ಅಡ್ವಾಣಿಯವರೇ ಬ್ಯಾಲೆಟ್ ಪೇಪರಿಗೆ ವಾಪಸ್ ಹೋಗೋಣ ಅಂದಿದ್ದರು. ಅದು ಯಾರಿಗೂ ನೆನಪಿಲ್ಲ.

ಶರಾವತಿ_ಬಂಡೆ (9:20)

ಈ "ಸೋತಾಗ ಮಾತ್ರ ಕೂಗ್ತಾರೆ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಜೇಬು ಕತ್ತರಿಸಿಕೊಂಡವನೇ ಕೂಗಬೇಕು, ಕತ್ತರಿಸಿದವನು ಕೂಗುತ್ತಾನಾ? ಸೋತವನು ಕೂಗಿದ ಅನ್ನೋ ಕಾರಣಕ್ಕೆ ದೂರು ಸುಳ್ಳಾಗಲ್ಲ. ದೂರಿನೊಳಗೆ ಏನಿದೆ ನೋಡಬೇಕು.

2024ರ ಡಿಸೆಂಬರ್‌ನಲ್ಲಿ ಚುನಾವಣಾ ನಿಯಮ 93 ತಿದ್ದಿದರು, ಬೂತಿನ ಸಿಸಿಟಿವಿ ದೃಶ್ಯ ಸಾರ್ವಜನಿಕರಿಗೆ ಸಿಗದ ಹಾಗೆ. 2025ರಲ್ಲಿ ಇನ್ನೊಂದು ಸೂಚನೆ, ಕೋರ್ಟಲ್ಲಿ ಕೇಸ್ ಇಲ್ಲದಿದ್ದರೆ 45 ದಿನಕ್ಕೆ ಆ ದೃಶ್ಯ ಅಳಿಸಿಬಿಡಿ ಅಂತ. ಎಲ್ಲ ಸರಿ ಇದ್ದರೆ ಅಳಿಸುವ ಅವಸರ ಯಾಕೆ? ಇದಕ್ಕೆ ಉತ್ತರ ಕೊಡಿ, ಆಮೇಲೆ ನಗಿ.

ಚಾಲಿ_ಅಡಿಕೆ (9:26)

ಹೆಂಗಸರ ವಿಡಿಯೋ ತೆಗೆದು ಯಾರ್ಯಾರೋ ಹಂಚಬಾರದು ಅಂತ ಚುನಾವಣಾ ಆಯೋಗ ಕಾರಣ ಕೊಟ್ಟಿದೆ.

ಶರಾವತಿ_ಬಂಡೆ (9:28)

ಬಸ್ ಸ್ಟ್ಯಾಂಡಲ್ಲೂ ಕ್ಯಾಮೆರಾ ಇದೆ, ದೇವಸ್ಥಾನದಲ್ಲೂ ಇದೆ. ಅಲ್ಲಿ ಇಲ್ಲದ ಚಿಂತೆ ಬೂತಲ್ಲಿ ಮಾತ್ರವಾ?

ನಿವೃತ್ತ_ಮಾಸ್ತರ (10:02)

ನಾನು ಹನ್ನೊಂದು ಚುನಾವಣೆಯಲ್ಲಿ ಡ್ಯೂಟಿ ಮಾಡಿದವ. ಬ್ಯಾಲೆಟ್ ಪೆಟ್ಟಿಗೆ ಕಾಲದಿಂದ ವಿವಿಪ್ಯಾಟ್ (ಯಾರಿಗೆ ಮತ ಬಿತ್ತು ಅಂತ ಚೀಟಿ ತೋರಿಸುವ ಯಂತ್ರ) ಕಾಲದವರೆಗೆ. ಕೊನೆಯ ಮೂರು ಸಲ ಬೂತಿನ ಮುಖ್ಯಸ್ಥ, ಅಂದರೆ ಪಿಆರ್‌ಓ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಘಟ್ಟದ ಮೇಲೆ ಒಂದು ಕನ್ನಡ ಶಾಲೆ. ಹಿಂದಿನ ದಿನ ಮಸ್ಟರಿಂಗ್ (ಮಶಿನ್, ಸಾಮಾನು ಪಡೆಯುವುದು) ಮುಗಿಸಿ, ಪೆಟ್ಟಿಗೆ ಹೊತ್ತುಕೊಂಡು ಸಂಜೆ ತಲುಪಿದೆವು. ಬಿಸಿಯೂಟದ ಅಡುಗೆಯವರು ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟರು. ಬೆಳಿಗ್ಗೆ ಏಳಕ್ಕೆ ಮತದಾನ. ಐದೂವರೆಗೆ ಅಣಕು ಮತದಾನ ಶುರು ಆಗಬೇಕು. ಏಜೆಂಟರು ಎದುರಿಗೆ ಇರಬೇಕು. ಮೂರು ಪಕ್ಷದವರು ಹೆಸರು ಕೊಟ್ಟಿದ್ದರು. ಬಂದವರು ಒಬ್ಬರು. ಸ್ವಲ್ಪ ಹೊತ್ತು ಕಾದು ಶುರು ಮಾಡಿದೆವು. ಕಡಿಮೆ ಅಂದರೂ 50 ಮತ ಒತ್ತಬೇಕು, ಪ್ರತಿ ಗುಂಡಿಗೂ, ನೋಟಾಕ್ಕೂ. ನಾನು ಹಾಳೆಯಲ್ಲಿ ಗೆರೆ ಎಳೆದು ಲೆಕ್ಕ ಇಟ್ಟೆ. ಆಮೇಲೆ ಮಶಿನ್ ಲೆಕ್ಕ, ಚೀಟಿ ಲೆಕ್ಕ, ನನ್ನ ಗೆರೆ ಲೆಕ್ಕ ಮೂರೂ ತಾಳೆ. ಚೀಟಿಗಳ ಹಿಂದೆ ಠಸ್ಸೆ ಹೊಡೆದು ಕಪ್ಪು ಲಕೋಟೆಗೆ ಹಾಕಿ ಸೀಲ್. ಮತದ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್‌ನಲ್ಲಿ ಕ್ಲಿಯರ್ ಒತ್ತಿ ಸೊನ್ನೆ ತೋರಿಸಬೇಕು. ಯಾರಿಗೆ ತೋರಿಸುವುದು? ಬಂದ ಒಬ್ಬ ಹುಡುಗ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಎಬ್ಬಿಸಿ ತೋರಿಸಿ ಸಹಿ ಹಾಕಿಸಿಕೊಂಡೆ.

ಮಧ್ಯಾಹ್ನ ಇನ್ನೊಂದು ಕತೆ. ಒಬ್ಬ ಯುವಕ ಮತ ಹಾಕಿ ಬಂದು, "ನಾನು ಒತ್ತಿದ್ದು ಒಂದು, ಚೀಟಿ ಬಂದದ್ದು ಇನ್ನೊಂದು" ಅಂತ ಜೋರು ಮಾಡಿದ. ಅದಕ್ಕೂ ನಿಯಮ ಇದೆ. ಬರೆದು ಕೊಡಬೇಕು, ಏಜೆಂಟರ ಎದುರು ಒಂದು ಪರೀಕ್ಷಾ ಮತ ಹಾಕಬೇಕು. ನಿಜವಾದರೆ ಮತದಾನ ಅಲ್ಲಿಗೇ ನಿಲ್ಲುತ್ತದೆ. ಸುಳ್ಳಾದರೆ ಅವನ ಮೇಲೆ ಕೇಸ್. ಹಾಳೆ ಮುಂದಿಟ್ಟೆ. ಚೀಟಿ ಏಳು ಸೆಕೆಂಡ್ ಮಾತ್ರ ಕಾಣುತ್ತದೆ, "ಸರಿಯಾಗಿ ನೋಡಿಲ್ಲ ಸರ್" ಅಂತ ಹೊರಟೇಹೋದ. ರಾತ್ರಿ ಊರಿನ ವಾಟ್ಸಾಪಲ್ಲಿ ಬಂತು, ನಮ್ಮ ಬೂತಲ್ಲಿ ಮಶಿನ್ ಉಲ್ಟಾ ಹೊಡೆಯಿತು ಅಂತ.

ಸಂಜೆ ಕ್ಲೋಸ್ ಒತ್ತಿದ ಮೇಲೆ 17ಸಿ ಫಾರಂ ಬರೆಯಬೇಕು. ಬೂತಲ್ಲಿ ಒಟ್ಟು ಎಷ್ಟು ಮತ ಬಿತ್ತು ಅನ್ನುವ ಲೆಕ್ಕ. ಅದರ ಪ್ರತಿ ಏಜೆಂಟರಿಗೆ ಕೊಡಬೇಕು. ಎಣಿಕೆ ದಿನ ಆ ಕಾಗದ ಹಿಡಿದು ತಾಳೆ ನೋಡಿದರೆ ಒಂದು ಮತ ಹೆಚ್ಚು ಕಮ್ಮಿ ಆದರೂ ಸಿಕ್ಕಿಬೀಳುತ್ತದೆ. ನಾನು ಮೂರು ಪ್ರತಿ ಬರೆದು ಇಟ್ಟೆ. ಹುಡುಗ ಆಗಲೇ ಚಪ್ಪಲಿ ಹಾಕಿಕೊಂಡಿದ್ದ. "ಮಾಸ್ತರೆ, ನೀವೇ ಇಟ್ಕೊಳ್ಳಿ, ಲಾಸ್ಟ್ ಬಸ್ ಹೋಗ್ತದೆ" ಅಂದ.

ಮೂರೂ ಪ್ರತಿ ನನ್ನ ಕೈಯಲ್ಲೇ ಉಳಿಯಿತು. ಸೋತ ಪಕ್ಷದವರು ಆಮೇಲೆ ಪೇಪರಲ್ಲಿ ಮಶಿನ್ ಬಗ್ಗೆ ಹೇಳಿಕೆ ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಆ ಲಾಸ್ಟ್ ಬಸ್.

ಸದಾಶಿವಗಡದವ (10:15)

ಮಾಸ್ತರೆ, ದೇವ್ ಬರೆಂ ಕರೊಂ. ಇಷ್ಟು ವಿವರವಾಗಿ ಯಾವ ಟಿವಿಯವರೂ ಹೇಳಲಿಲ್ಲ.

ಬಂಗಡೆ_ಸಾರು (10:17)

ಆ ಹುಡುಗ ನಾನಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಸಿದ್ದಾಪುರ_ಟು_ಬೆಂಗಳೂರು (10:40)

ಮಶಿನ್ ಮಾಡುವುದು ಎರಡೇ ಕಡೆ. ನಮ್ಮ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಇಂಟರ್‌ನೆಟ್ ಇಲ್ಲ, ಬ್ಲೂಟೂತ್ ಇಲ್ಲ. ಮೊಬೈಲಿಂದ ಹ್ಯಾಕ್ ಮಾಡುತ್ತಾರೆ ಅನ್ನುವವರಿಗೆ ಏನು ಹೇಳುವುದೋ ಗೊತ್ತಿಲ್ಲ. 2017ರಲ್ಲಿ ಆಯೋಗ ಬನ್ನಿ, ಮಾಡಿ ತೋರಿಸಿ ಅಂತ ಕರೆದಿತ್ತು. ಬಂದದ್ದು ಎನ್‌ಸಿಪಿ, ಸಿಪಿಎಂ ಎರಡೇ ಪಕ್ಷ. ಅವರೂ ಮಶಿನ್‌ಗೆ ಕೈ ಹಚ್ಚದೆ ನೋಡಿಕೊಂಡು ಹೋದರು.

ಹಾಗಂತ ಮಶಿನ್ ದೇವರ ಮೂರ್ತಿ ಅಲ್ಲ. ವಿವಿಪ್ಯಾಟ್ ಬಂದ ಮೇಲೆ ಚಿಹ್ನೆಗಳನ್ನು ಒಂದು ಸಣ್ಣ ಯೂನಿಟ್ ಹಚ್ಚಿ ತುಂಬುತ್ತಾರೆ. ಅದನ್ನೂ ಸೀಲ್ ಮಾಡಿ 45 ದಿನ ಇಡಿ ಅಂತ 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಹೇಳಿತು. ಎಲ್ಲ ಚೀಟಿ ಎಣಿಸಬೇಕು ಅನ್ನೋ ಬೇಡಿಕೆ ಒಪ್ಪಲಿಲ್ಲ. ಆದರೆ ಎರಡು, ಮೂರನೇ ಸ್ಥಾನದವರು ಏಳು ದಿನದೊಳಗೆ ದುಡ್ಡು ಕಟ್ಟಿ ಶೇಕಡಾ 5ರಷ್ಟು ಮಶಿನ್ ತಪಾಸಣೆ ಕೇಳಬಹುದು ಅಂತ ದಾರಿ ಕೊಟ್ಟಿತು. ಅಂದರೆ ಪ್ರಶ್ನೆ ಕೇಳಿದವರಿಂದಲೇ ವ್ಯವಸ್ಥೆ ಅಷ್ಟಷ್ಟು ಸುಧಾರಿಸಿದೆ. ವಿವಿಪ್ಯಾಟ್ ಬಂದದ್ದೂ ಹಾಗೆ, ಸುಬ್ರಮಣಿಯನ್ ಸ್ವಾಮಿ ಹಾಕಿದ ಕೇಸಿನಲ್ಲಿ 2013ರಲ್ಲಿ ಬಂದ ತೀರ್ಪಿನಿಂದ. ಕ್ಷೇತ್ರಕ್ಕೆ ಒಂದು ಬೂತಿನ ಚೀಟಿ ಎಣಿಸುತ್ತಿದ್ದದ್ದು 2019ರಲ್ಲಿ ಐದಾಯಿತು, ಅದು ನಾಯ್ಡು ಮತ್ತು ಉಳಿದ ವಿರೋಧ ಪಕ್ಷದವರು ಕೋರ್ಟಿಗೆ ಹೋಗಿದ್ದಕ್ಕೆ.

ಶರಾವತಿ_ಬಂಡೆ (10:44)

ಇದೇ ನಾನು ಹೇಳಿದ್ದು. ಕೂಗಿದವರು ಇಲ್ಲದಿದ್ದರೆ ಇವತ್ತಿಗೂ ಚೀಟಿ ಇರುತ್ತಿರಲಿಲ್ಲ.

ಚಾಲಿ_ಅಡಿಕೆ (10:51)

ಕೋರ್ಟಿಗೆ ಹೋಗಿ ಕೂಗಿದವರು ಬೇರೆ, ಮೈಕ್ ಮುಂದೆ ಕೂಗಿದವರು ಬೇರೆ.

ಕುಮಟಾ_ವಕೀಲ (11:10)

ಕೋರ್ಟಿನ ಮಾತು ಬಂತಲ್ಲ, ಅದಕ್ಕೇ ಬಂದೆ.

ಮರು ಎಣಿಕೆ ಬೇಕಾದರೆ ಅಲ್ಲೇ, ಎಣಿಕೆ ಮುಗಿದ ತಕ್ಷಣ ಚುನಾವಣಾಧಿಕಾರಿಗೆ ಕಾರಣ ಬರೆದು ಕೊಡಬೇಕು. ಅವರು ಫಾರಂ 20ಕ್ಕೆ, ಅಂದರೆ ಅಂತಿಮ ಫಲಿತಾಂಶದ ಹಾಳೆಗೆ, ಸಹಿ ಹಾಕಿದ ಮೇಲೆ ಅವರ ಕೈಯಲ್ಲೂ ಏನೂ ಇಲ್ಲ. ಆಮೇಲೆ ಉಳಿಯುವುದು ಹೈಕೋರ್ಟ್, ಅದೂ 45 ದಿನದೊಳಗೆ. ಠೇವಣಿ ಎಷ್ಟು ಗೊತ್ತಾ? ಎರಡು ಸಾವಿರ ರೂಪಾಯಿ. ವಿಧಾನಸಭೆಗೆ ನಾಮಪತ್ರ ಹಾಕುವಾಗ ಕಟ್ಟುವುದೇ ಹತ್ತು ಸಾವಿರ. ವಕೀಲರ ಫೀಸು ಬೇರೆ, ಅದನ್ನು ಇಲ್ಲಿ ಬರೆಯಲ್ಲ.

ಕೋಲಾರದ ಮಾಲೂರು ನೋಡಿ. 2023ರಲ್ಲಿ ಕಾಂಗ್ರೆಸ್‌ನ ನಂಜೇಗೌಡರು 248 ಮತದಿಂದ ಗೆದ್ದರು. ಸೋತ ಬಿಜೆಪಿಯ ಮಂಜುನಾಥಗೌಡರು ಹೈಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆಯ್ಕೆ ರದ್ದು ಮಾಡಿ ಮರು ಎಣಿಕೆಗೆ ಆದೇಶ ಕೊಟ್ಟಿತು. ಎಣಿಕೆಯ ವಿಡಿಯೋ ಕೋರ್ಟಿಗೆ ಕೊಡಲು ಆಗಲಿಲ್ಲ ಅನ್ನೋದು ದೊಡ್ಡ ವಿಷಯ ಆಯಿತು. ಶಾಸಕರು ಸುಪ್ರೀಂ ಕೋರ್ಟಿಗೆ ಹೋದರು, ಆಯ್ಕೆ ರದ್ದಾದದ್ದಕ್ಕೆ ತಡೆ ಸಿಕ್ಕಿತು, ಮರು ಎಣಿಕೆ ಮಾತ್ರ ನಡೆಯಲಿ ಅಂದರು. ಗಮನಿಸಿ, ಮತ ಹಾಕಿ ಎರಡು ವರ್ಷ ದಾಟಿದ ಮೇಲೆ. ಸೋತವರು ಬೀದಿಯಲ್ಲಿ ಕೂಗುವುದಕ್ಕೆ ಈ ವಿಳಂಬವೂ ಒಂದು ಕಾರಣ. ಐದು ವರ್ಷದ ಸೀಟಿಗೆ ನಾಲ್ಕು ವರ್ಷದ ಕೇಸ್ ಅಂದರೆ ಗೆದ್ದರೂ ಎಂತ ಸಿಕ್ಕಿತು?

ಕಾಳಿ_ದಡ (11:18)

ವಕೀಲರೇ, ನಮ್ಮ ಕುಮಟಾದಲ್ಲೂ 2023ರಲ್ಲಿ ಏಳುನೂರರೊಳಗಿನ ಅಂತರ ಅಲ್ವಾ? ಗೆದ್ದದ್ದು ದಿನಕರ ಶೆಟ್ಟಿ, ಸೋತದ್ದು ಸೂರಜ್ ನಾಯ್ಕ ಸೋನಿ.

ಕುಮಟಾ_ವಕೀಲ (11:25)

ಹೌದು. ಆ ದಿನ ಬಾಳಿಗಾ ಕಾಲೇಜಿನ ಹೊರಗೆ ನಾನೂ ಇದ್ದೆ. ಪ್ರತಿ ಸುತ್ತಿಗೂ ಒಂದು ಕಡೆಯವರು ಕುಣಿಯುವುದು, ಇನ್ನೊಂದು ಕಡೆಯವರು ಕೂರುವುದು. ಮುಂದಿನ ಸುತ್ತಿಗೆ ಉಲ್ಟಾ. ಪಟಾಕಿ ಮಾರುವವ ಎರಡೂ ಕಡೆಗೆ ಮಾರಿದ.

ಸಣ್ಣ ಅಂತರ ಅಂದಾಗ ಜಯನಗರವೂ ನೆನಪಾಗುತ್ತದೆ. ರಾತ್ರಿವರೆಗೆ ಎಣಿಸಿ, ಮತ್ತೆ ಎಣಿಸಿ, ಕೊನೆಗೆ 16 ಮತ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತ.

ಭಟ್ಕಳ_ಟು_ದುಬೈ (11:31)

ನಾವು ಇಲ್ಲಿ ಕೂತು ಒಂದು ಮತವನ್ನೂ ಹಾಕಲು ಆಗಲ್ಲ. ಹೆಸರು ಪಟ್ಟಿಯಲ್ಲಿದ್ದರೂ ಊರಿಗೆ ಬಂದೇ ಒತ್ತಬೇಕು. ಟಿಕೆಟ್ ದುಡ್ಡಿಗೆ ಒಂದು ಸ್ಕೂಟರ್ ಬರುತ್ತದೆ.

ಅಂಕೋಲಾ_ಅಕ್ಕೋರು (12:05)

ಬ್ಯಾಲೆಟ್ ಪೇಪರ್ ಬಂದರೆ ಎಲ್ಲ ಸರಿ ಹೋಗುತ್ತದೆ ಅನ್ನುವವರು ಒಮ್ಮೆ ಪಂಚಾಯಿತಿ ಎಣಿಕೆಗೆ ಬಂದು ಕೂರಬೇಕು. 2020ರ ಡಿಸೆಂಬರ್‌ನಲ್ಲಿ ಬೀದರ್ ಬಿಟ್ಟು ರಾಜ್ಯದ ಎಲ್ಲ ಕಡೆ ಪಂಚಾಯಿತಿಗೆ ಪೇಪರಲ್ಲೇ ಚುನಾವಣೆ ಆಯಿತು. ನಾನು ಎಣಿಕೆ ಟೇಬಲ್‌ನಲ್ಲಿದ್ದೆ.

ಒಂದು ಮತಪತ್ರ ಬಿಚ್ಚಿದೆ. ಠಸ್ಸೆ ಎರಡು ಕಡೆ. ಒಂದು ಆಟೋ ಗುರುತಿನ ಮೇಲೆ, ಇನ್ನೊಂದು ತೆಂಗಿನಮರದ ಮೇಲೆ. ಎರಡೂ ಕಡೆಯ ಏಜೆಂಟರು ಒಟ್ಟಿಗೆ ಕೈ ಚಾಚಿದರು. ಒಬ್ಬರು "ನಮ್ಮದು", ಇನ್ನೊಬ್ಬರು "ತಿರಸ್ಕಾರ". ನನ್ನ ಪಕ್ಕದ ಹಿರಿಯ ಗುಮಾಸ್ತರು ಪತ್ರ ಎತ್ತಿ ಕಿಟಕಿ ಬೆಳಕಿಗೆ ಹಿಡಿದರು. "ಅಕ್ಕೋರೆ, ಠಸ್ಸೆಯ ಬಾಲ ನೋಡಿ" ಅಂದರು. ಆ ಠಸ್ಸೆಯ ಆಕಾರ ಸ್ವಸ್ತಿಕದ ಹಾಗೆ, ಕೈಗಳು ಒಂದೇ ದಿಕ್ಕಿಗೆ ತಿರುಗಿರುತ್ತವೆ. ಹಸಿ ಶಾಯಿ ಇದ್ದಾಗ ಪತ್ರ ಮಡಚಿದರೆ ಎದುರು ಬದಿಗೆ ಅಚ್ಚು ಹತ್ತುತ್ತದೆ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ತೆಂಗಿನಮರದ ಮೇಲಿದ್ದದ್ದು ಉಲ್ಟಾ ಮತ್ತು ಮಸುಕು. ಅಸಲು ಠಸ್ಸೆ ಆಟೋದ್ದು. ಮತ ಆಟೋಕ್ಕೆ ಹೋಯಿತು. ತೆಂಗಿನಮರದವರ ಕಡೆಯವ ಕುರ್ಚಿ ಒದ್ದು ಎದ್ದ. ಅವರು ಸೋತದ್ದು ಮೂರು ಮತದಿಂದ. ಆ ಒಂದು ಪತ್ರ ತಿರಸ್ಕಾರ ಆಗಿದ್ದರೂ ಅವರು ಗೆಲ್ಲುತ್ತಿರಲಿಲ್ಲ, ಆದರೆ ಇವತ್ತಿಗೂ ಸಂತೆಯಲ್ಲಿ ಸಿಕ್ಕಿದರೆ, "ಅಕ್ಕೋರೆ, ಅವತ್ತು ನಮ್ಮ ಮತ ನುಂಗಿಬಿಟ್ಟಿರಿ" ಅನ್ನುತ್ತಾರೆ.

ಇನ್ನು ಪಂಚಾಯಿತಿಗೆ ಪಕ್ಷವೇ ಇಲ್ಲ, ಪಕ್ಷದ ಚಿಹ್ನೆ ಇಲ್ಲ. ಮರುದಿನ ಎರಡೂ ಪಕ್ಷದವರು ನಮ್ಮವರೇ ಜಾಸ್ತಿ ಗೆದ್ದರು ಅಂತ ಸಿಹಿ ಹಂಚಿದರು. ಅದೊಂದೇ ಚುನಾವಣೆ ಎಲ್ಲರೂ ಗೆದ್ದದ್ದು.

ಸದಾಶಿವಗಡದವ (12:11)

ಹಹ್ಹಾ. ಕೊನೆಯ ಸಾಲಿಗೆ ಒಂದು ಪ್ಲೇಟ್ ಬನ್ಸ್ ನನ್ನ ಲೆಕ್ಕದಲ್ಲಿ.

ನಿವೃತ್ತ_ಮಾಸ್ತರ (12:20)

ಅಕ್ಕೋರು ಹೇಳಿದ್ದು ಸರಿ. ಕಾಗದದ ಮೇಲೂ ಸಂಶಯ ಹೊಸದಲ್ಲ. 1971ರಲ್ಲಿ ಇಂದಿರಾ ಗಾಂಧಿ ದೊಡ್ಡದಾಗಿ ಗೆದ್ದಾಗ ಜನಸಂಘದ ಬಲರಾಜ್ ಮಧೋಕ್ ಹೇಳಿದ್ದೇನು? ಮತಪತ್ರಕ್ಕೆ ರಷ್ಯಾದ ರಾಸಾಯನಿಕ ಹಚ್ಚಿದ್ದಾರೆ, ಒತ್ತಿದ ಗುರುತು ಮಾಯವಾಗಿ ಬೇರೆ ಕಡೆ ಮೂಡುತ್ತದೆ ಅಂತ. ಆಗ ನಾನು ಹುಡುಗ. ನಮ್ಮೂರ ಪೇಟೆಯಲ್ಲಿ ದೊಡ್ಡವರು ಅದನ್ನೇ ಗಂಭೀರವಾಗಿ ಮಾತಾಡುತ್ತಿದ್ದರು. ಕೋರ್ಟಲ್ಲಿ ಆ ದೂರು ನಿಲ್ಲಲಿಲ್ಲ.

ಅದೇ 1971ರ ಚುನಾವಣೆ ಬಗ್ಗೆ ರಾಜ್ ನಾರಾಯಣ್ ಬೇರೆ ದಾರಿ ಹಿಡಿದರು. ಅವರ ಕೇಸಲ್ಲೇ 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಪ್ರಧಾನಿಯ ಆಯ್ಕೆಯನ್ನೇ ರದ್ದು ಮಾಡಿತು. ಮಾಯದ ಶಾಯಿಯಿಂದ ಅಲ್ಲ. ಸರ್ಕಾರಿ ನೌಕರನನ್ನು ಪ್ರಚಾರಕ್ಕೆ ಬಳಸಿದ್ದು, ವೇದಿಕೆ ಕಟ್ಟಲು ಸರ್ಕಾರಿ ಅಧಿಕಾರಿಗಳನ್ನು ಹಚ್ಚಿದ್ದು, ಇಂಥ ಸಣ್ಣದಾಗಿ ಕಾಣುವ ವಿಷಯದಿಂದ. ಆಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಕುಮಟಾ_ವಕೀಲ (12:33)

ಮಾಸ್ತರು ಶುರು ಮಾಡಿದ್ದಕ್ಕೆ ನಾನೊಂದು ಸೇರಿಸುತ್ತೇನೆ, ನನಗೆ ಬಹಳ ಇಷ್ಟದ ಕೇಸ್. ದೇಶದಲ್ಲಿ ಮೊದಲ ಸಲ ಮಶಿನ್ ಬಳಸಿದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಬೂತಲ್ಲಿ. ಸಿಪಿಐನ ಶಿವನ್ ಪಿಳ್ಳೈ ಮಶಿನ್ ಬೇಡ ಅಂತ ಚುನಾವಣೆಗೂ ಮುಂಚೆ ಕೋರ್ಟಿಗೆ ಹೋದರು. ನಡೆಯಲಿಲ್ಲ. ಚುನಾವಣೆ ಆಯಿತು, ಅದೇ ಪಿಳ್ಳೈ 123 ಮತದಿಂದ ಗೆದ್ದರು! ಸೋತ ಕಾಂಗ್ರೆಸ್‌ನ ಎ.ಸಿ. ಜೋಸ್ ಈಗ ಮಶಿನ್ ಬೇಡ ಅಂತ ಕೋರ್ಟಿಗೆ ಹೋದರು. ಪಿಳ್ಳೈ ಮಶಿನ್ ಸರಿ ಇದೆ ಅಂತ ವಾದ ಮಾಡಬೇಕಾಯಿತು. 1984ರಲ್ಲಿ ಸುಪ್ರೀಂ ಕೋರ್ಟ್, ಕಾನೂನಲ್ಲಿ ಮಶಿನ್‌ಗೆ ಅವಕಾಶವೇ ಇಲ್ಲ ಅಂತ ಆ ಬೂತುಗಳಲ್ಲಿ ಮತ್ತೆ ಕಾಗದದ ಮತದಾನ ಮಾಡಿಸಿತು. ಜೋಸ್ ಗೆದ್ದರು. ಕಾನೂನು ತಿದ್ದಿದ್ದು ಆಮೇಲೆ.

ಬಂಗಡೆ_ಸಾರು (12:36)

ಅಂದರೆ ಮೊದಲ ಮಶಿನ್ ಬಂದ ದಿನವೇ ಈ ಚಟವೂ ಬಂದಿದೆ. ಸೀಲ್ ಒಡೆಯದ ಬಾಕ್ಸಲ್ಲೇ ಬಂದಿರಬೇಕು.

ಚಾಲಿ_ಅಡಿಕೆ (12:58)

ದೊಡ್ಡ ಚುನಾವಣೆ ಬಿಡಿ, ನಮ್ಮ ಸೊಸೈಟಿ ಚುನಾವಣೆ ಹೇಳುತ್ತೇನೆ. ಹೆಸರು ಬರೆಯಲ್ಲ, ನಾಳೆ ನಾನೇ ಅಲ್ಲಿ ಸಾಲ ಕೇಳಲು ಹೋಗಬೇಕು. ಇಲ್ಲಿ ಜಗಳ ಎಣಿಕೆ ದಿನ ಅಲ್ಲ, ಮತದಾರರ ಪಟ್ಟಿ ದಿನವೇ ಶುರು. ವಾರ್ಷಿಕ ಸಭೆಗೆ ಬಂದಿಲ್ಲ, ವ್ಯವಹಾರ ಮಾಡಿಲ್ಲ ಅಂತ ಎಷ್ಟೋ ಜನರನ್ನು ಅನರ್ಹರ ಪಟ್ಟಿಗೆ ಹಾಕುತ್ತಾರೆ. ಅವರು ಹೈಕೋರ್ಟಿಗೆ ಹೋಗಿ ಮತ ಹಾಕಲು ಆದೇಶ ತರುತ್ತಾರೆ. ಅವರ ಮತಕ್ಕೆ ಬೇರೆ ಪೆಟ್ಟಿಗೆ. ಎಣಿಕೆ ದಿನ ಅರ್ಹರ ಪೆಟ್ಟಿಗೆ ಎಣಿಸಿ, ಕೋರ್ಟ್ ಪೆಟ್ಟಿಗೆಗೆ ಬೀಗ ಹಾಕಿ, ಫಲಿತಾಂಶ ಪ್ರಕಟ ಮಾಡದೆ ಮನೆಗೆ ಕಳಿಸುತ್ತಾರೆ.

ನನ್ನ ಭಾವ ಒಮ್ಮೆ ನಿಂತಿದ್ದ. ಗೆದ್ದನೋ ಸೋತನೋ ಗೊತ್ತಾಗಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಊರಲ್ಲಿ ಅರ್ಧ ಜನ ನಿರ್ದೇಶಕರೇ ಅಂತ ಕರೆಯುತ್ತಿದ್ದರು, ಅರ್ಧ ಜನ ಪಾಪ ಅನ್ನುತ್ತಿದ್ದರು. ಕೊನೆಗೆ ಸೋತ. "ಪಟ್ಟಿಯಲ್ಲೇ ನನ್ನನ್ನು ಸೋಲಿಸಿದ್ದರು" ಅನ್ನುತ್ತಾನೆ. ಅವನ ಗುಂಪಿನವರು ಹಿಂದಿನ ಸಲ ಅದೇ ಕೆಲಸ ಮಾಡಿ ಗೆದ್ದದ್ದು ಕೇಳಿದರೆ ಎಲೆ ಅಡಿಕೆ ಜಗಿಯುತ್ತಾ ಬೇರೆ ಕಡೆ ನೋಡುತ್ತಾನೆ.

ಶರಾವತಿ_ಬಂಡೆ (1:10)

ಚಾಲಿಯವರೇ, ನಿಮ್ಮ ಕತೆಯೇ ನನ್ನ ವಾದ. ಈಗಿನ ಗಲಾಟೆ ಮಶಿನ್‌ದಲ್ಲ, ಪಟ್ಟಿಯದು. ಕಲಬುರಗಿಯ ಆಳಂದದಲ್ಲಿ 2023ರ ಚುನಾವಣೆಗೂ ಮುಂಚೆ 6,018 ಜನರ ಹೆಸರು ತೆಗೆಯಲು ಅರ್ಜಿ ಬಂದಿತ್ತು, ಅದೂ ಬೇರೆಯವರ ಹೆಸರಲ್ಲಿ. ಪರಿಶೀಲಿಸಿದರೆ ಸರಿ ಇದ್ದದ್ದು 24 ಮಾತ್ರ. ಇದು ಆಯೋಗವೇ ಹೇಳಿದ ಲೆಕ್ಕ. ದೂರು ಕೊಟ್ಟ ಬಿ.ಆರ್. ಪಾಟೀಲರು ಆ ಚುನಾವಣೆಯಲ್ಲಿ ಗೆದ್ದವರು. ಈಗ ಹೇಳಿ, ಸೋತವರ ಅಳು ಅಂತ.

ಚಾಲಿ_ಅಡಿಕೆ (1:16)

ಆಳಂದ ಒಪ್ಪಿದೆ. ಅಲ್ಲಿ ಯಾರೋ ಕೈಯಾಡಿಸಿದ್ದಾರೆ, ಯಾರು ಅಂತ ಹೊರಗೆ ಬರಲೇಬೇಕು. ಆದರೆ ಮಹದೇವಪುರ? ಅಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಕಳ್ಳ ಮತ ಅಂತ 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಹೇಳಿದರು. ಚುನಾವಣೆ ಆಗಿ ಒಂದು ವರ್ಷದ ಮೇಲೆ. ಕರಡು ಪಟ್ಟಿ ಎಲ್ಲ ಪಕ್ಷಕ್ಕೂ ಕೊಡುತ್ತಾರಲ್ಲ, ಆಗ ಬೂತ್ ಏಜೆಂಟರು ಎಲ್ಲಿದ್ದರು? ಅವರ ಪಕ್ಷದ ಮಂತ್ರಿ ರಾಜಣ್ಣನವರೇ ಇದನ್ನು ಕೇಳಿದರು, ಪಟ್ಟಿ ಆದದ್ದು ನಮ್ಮ ಸರ್ಕಾರ ಇದ್ದಾಗ ಅಲ್ವಾ ಅಂತ. ಕೇಳಿ ಎರಡು ದಿನ ಆಗಿತ್ತೋ ಇಲ್ಲವೋ, ಮಂತ್ರಿ ಸ್ಥಾನ ಹೋಯಿತು.

ಶರಾವತಿ_ಬಂಡೆ (1:22)

ರಾಜಣ್ಣನವರನ್ನು ತೆಗೆದದ್ದು ತಪ್ಪು. ಅಷ್ಟು ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಪಟ್ಟಿ ಕೊಡುವುದು ಕಾಗದದ ಕಟ್ಟಾಗಿ, ಕಂಪ್ಯೂಟರಲ್ಲಿ ಹುಡುಕಲು ಆಗದ ಹಾಗೆ. ಏಜೆಂಟ್ ಏನು ಭೂತಗನ್ನಡಿ ಹಿಡಿದು ಕೂರಬೇಕಾ?

ಬಂಗಡೆ_ಸಾರು (1:25)

ನಮ್ಮ ಬೂತಿನ ಪಟ್ಟಿಯಲ್ಲಿ ನನ್ನ ಅಜ್ಜಿ ಇನ್ನೂ ಇದ್ದಾಳೆ. ತೀರಿಕೊಂಡು ಒಂಬತ್ತು ವರ್ಷ. ಫೋಟೋದಲ್ಲಿ ನಗುತ್ತಾಳೆ.

ಅಂಕೋಲಾ_ಅಕ್ಕೋರು (1:31)

ಬಂಗಡೆಯವರೇ, ಹೆಸರು ತೆಗೆಸುವ ಫಾರಂ 7 ತುಂಬಿ ಕೊಡುವುದು ಮನೆಯವರ ಕೆಲಸ. ಬಿಎಲ್‌ಓ ಅಂದರೆ ಯಾರು? ಬೂತಿನ ಪಟ್ಟಿ ನೋಡಿಕೊಳ್ಳುವ ನಮ್ಮಂಥ ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು. ಬಿಸಿಲಲ್ಲಿ ಮನೆಮನೆಗೆ ಹೋದಾಗ "ಆಮೇಲೆ ಬನ್ನಿ" ಅನ್ನುತ್ತೀರಿ. ಮರಣ ಪತ್ರ ಕೊಡಿ ಅಂದರೆ ರೇಷನ್ ಕಾರ್ಡಿಂದ ಹೆಸರು ಹೋಗುತ್ತದೆ ಅಂತ ಅಡಗಿಸಿಡುತ್ತೀರಿ. ಆಮೇಲೆ ಪಟ್ಟಿ ಸರಿ ಇಲ್ಲ ಅಂತೀರಿ.

ಬಂಗಡೆ_ಸಾರು (1:33)

ಅಕ್ಕೋರೆ, ತಪ್ಪಾಯಿತು. ಸೋಮವಾರವೇ ಫಾರಂ ತರುತ್ತೇನೆ. ಅಜ್ಜಿ ಸಿಟ್ಟಾಗಬಹುದು.

ಸದಾಶಿವಗಡದವ (1:50)

ಯಾರಾದರೂ ಹೊಸ ಸೇತುವೆ ಬಗ್ಗೆ ಕೇಳಿದ್ದೀರಾ? ಕಾಳಿ ಹಳೇ ಸೇತುವೆ ಬಿದ್ದದ್ದು 2024ರ ಆಗಸ್ಟ್. ಎಲೆಕ್ಷನ್ ಮಾತಾಡುವಾಗ ಎಲ್ಲರೂ ಹುಲಿ, ಸೇತುವೆ ಅಂದರೆ ಎಲ್ಲರೂ ಮೌನ.

ಕಾಳಿ_ದಡ (1:54)

ಸೇತುವೆಗೆ ಬೇರೆ ಚರ್ಚೆ ತೆರೆಯಿರಿ ಮಾರಾಯ್ರೆ. ಅಲ್ಲೂ ಜಗಳ ಆಡೋಣ.

ಸಿದ್ದಾಪುರ_ಟು_ಬೆಂಗಳೂರು (2:20)

ಇನ್ನೊಂದು ಕತೆ ಬಾಕಿ ಇದೆ. ಹರಿಯಾಣದ ಪಾಣಿಪತ್ ಹತ್ತಿರ ಬುಆನಾ ಲಾಖು ಅಂತ ಹಳ್ಳಿ. 2022ರಲ್ಲಿ ಸರಪಂಚ ಚುನಾವಣೆ. ಕುಲದೀಪ್ ಗೆದ್ದ ಅಂತ ಘೋಷಣೆ. ಎದುರಾಳಿ ಮೋಹಿತ್ ಬಿಡಲಿಲ್ಲ, ಕೇಸ್ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋದ. 2025ರ ಆಗಸ್ಟ್‌ನಲ್ಲಿ ಮಶಿನ್‌ಗಳನ್ನು ದಿಲ್ಲಿಗೆ ತರಿಸಿ ಕೋರ್ಟಿನ ಅಧಿಕಾರಿಯ ಎದುರು ಎಣಿಸಿದರು. ಮೋಹಿತ್‌ಗೆ 1,051, ಕುಲದೀಪ್‌ಗೆ 1,000. ಒಂದು ಬೂತಲ್ಲಿ ಇಬ್ಬರ ಲೆಕ್ಕ ಅದಲು ಬದಲು ಬರೆದಿದ್ದರು, ಅಷ್ಟೇ. ಮಶಿನ್ ಸರಿಯಾಗಿಯೇ ಎಣಿಸಿತ್ತು, ತಪ್ಪಿದ್ದು ಪೆನ್ನು.

ಚಂಡೀಗಢ ಮೇಯರ್ ಚುನಾವಣೆ ಇದಕ್ಕೆ ಉಲ್ಟಾ. 2024ರ ಜನವರಿ. ಪೂರ್ತಿ ಕಾಗದದ ಮತಪತ್ರ. ಅಧಿಕಾರಿಯೇ ಎಂಟು ಮತಪತ್ರದ ಮೇಲೆ ಗೀಚಿ ತಿರಸ್ಕಾರ ಮಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಸುಪ್ರೀಂ ಕೋರ್ಟ್ ಫಲಿತಾಂಶ ತಿರುಗಿಸಿತು.

ಶರಾವತಿ_ಬಂಡೆ (2:24)

"ಕ್ಯಾಮೆರಾದಲ್ಲಿ ಸಿಕ್ಕಿತು." ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. 45 ದಿನದಲ್ಲಿ ಅಳಿಸಬೇಡಿ ಅಂದದ್ದು ಇದಕ್ಕೇ.

ಚಾಲಿ_ಅಡಿಕೆ (2:29)

ಕ್ಯಾಮೆರಾ ವಿಷಯದಲ್ಲಿ ನೀವು ಗೆದ್ದಿರಿ. ಮರು ಎಣಿಕೆ ಕೇಳಲ್ಲ.

ಶರಾವತಿ_ಬಂಡೆ (2:30)

😄 ಬರೆದು ಕೊಡಿ, ಫಾರಂ 20.

ನಿವೃತ್ತ_ಮಾಸ್ತರ (2:45)

ರಾಜ್ಯ ಸರ್ಕಾರ ಸ್ಥಳೀಯ ಚುನಾವಣೆ ಎಲ್ಲ ಬ್ಯಾಲೆಟ್ ಪೇಪರಲ್ಲೇ ಆಗಲಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದೆಯಲ್ಲ. ಆಗಲಿ, ನನಗೆ ಅಡ್ಡಿಲ್ಲ. ಆದರೆ ಕಾಂಗ್ರೆಸ್ 2023ರಲ್ಲಿ 135 ಸೀಟು ಗೆದ್ದದ್ದು ಮಶಿನ್‌ನಲ್ಲಿ. ಆ ಗೆಲುವಿನ ಬಗ್ಗೆ ಒಂದು ಮಾತೂ ಇಲ್ಲ. ಮಹಾರಾಷ್ಟ್ರದ ಮಾರ್ಕಡವಾಡಿಯಲ್ಲೂ ಹೀಗೇ, 2024ರ ಡಿಸೆಂಬರ್‌ನಲ್ಲಿ ಊರವರು ಮಶಿನ್ ನಂಬಲ್ಲ, ನಾವೇ ಬ್ಯಾಲೆಟ್ ಹಾಕಿ ನೋಡುತ್ತೇವೆ ಅಂತ ಹೊರಟರು, ಪೊಲೀಸರು ಬಿಡಲಿಲ್ಲ. ಅವರ ಅಭ್ಯರ್ಥಿ ಕ್ಷೇತ್ರದಲ್ಲಿ ಗೆದ್ದೇ ಇದ್ದರು! ನಮ್ಮೂರಲ್ಲಿ ಮತ ಕಮ್ಮಿ ಬಂತು ಅನ್ನೋದು ತಕರಾರು. ಅದರಲ್ಲಿ ನನಗೆ ತಮಾಷೆ ಕಾಣಲಿಲ್ಲ. ತನ್ನೂರಿನ ಮತ ಎಷ್ಟು ಅಂತ ಊರವನಿಗೆ ಒಂದು ಅಂದಾಜು ಇರುತ್ತದೆ. ಅಂದಾಜು ತಪ್ಪಿದಾಗ ಕಸಿವಿಸಿ ಆಗುವುದು ಸಹಜ.

ಕಾಳಿ_ದಡ (ಸಂಜೆ 6:30)

ಈಗಷ್ಟೇ ಅದೇ ಚಹಾ ಅಂಗಡಿಯಿಂದ ಬಂದೆ. ಇಬ್ಬರೂ ಹಿರಿಯರು ಇದ್ದರು. ಮಾಸ್ತರ 17ಸಿ ಕತೆ ಹೇಳಿದೆ. ಇಬ್ಬರೂ ಬೂತ್ ಏಜೆಂಟ್ ಆಗಿ ಕೂತವರೇ ಅಂತೆ, ಎಷ್ಟೋ ವರ್ಷ. "17ಸಿ ಅಂದರೆ ಎಂತದು?" ಅಂತ ಒಬ್ಬರು. ಇನ್ನೊಬ್ಬರು, "ಅದೇ, ಸಂಜೆ ಸಹಿ ಹಾಕ್ತೇವಲ್ಲ ಆ ಕಾಗದ." "ಮನೆಗೆ ತರ್ತೀರಾ?" ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಇರಲಿ. ಪಂಚಾಯಿತಿ ಚುನಾವಣೆ ಬಂದಾಗ ಇಲ್ಲಿ ಬರೆದವರಲ್ಲಿ ಯಾರ್ಯಾರು ಏಜೆಂಟ್ ಆಗಿ ಕೂರುತ್ತೀರಿ? ಯಾವ ಕಡೆಯವರಾದರೂ ಅಡ್ಡಿಲ್ಲ. ಬೆಳಿಗ್ಗೆ ಐದೂವರೆಗೆ.

ಸಿದ್ದಾಪುರ_ಟು_ಬೆಂಗಳೂರು (6:41)

ರಜೆ ಸಿಕ್ಕರೆ ನೋಡುತ್ತೇನೆ.

ಚಾಲಿ_ಅಡಿಕೆ (6:44)

ಅಡಿಕೆ ಕೊನೆ ಕೊಯ್ಲು ಇಲ್ಲದಿದ್ದರೆ ಬರುತ್ತೇನೆ.

ಶರಾವತಿ_ಬಂಡೆ (6:50)

ನಾನು ಬರುತ್ತೇನೆ. ನಿಜವಾಗಿ. ಭೂತಗನ್ನಡಿಯೂ ತರುತ್ತೇನೆ.

ಬಂಗಡೆ_ಸಾರು (6:52)

ಊಟ ಯಾರದು? ಮೀನು ಇದೆಯಾ?

ನಿವೃತ್ತ_ಮಾಸ್ತರ (7:15)

ಗಂಜಿ, ಮಾವಿನ ಮಿಡಿ. ಮತ್ತೆ ತಮಾ, ಲಾಸ್ಟ್ ಬಸ್ ಬಿಟ್ಟರೂ ನನ್ನ ಬೈಕ್ ಇದೆ, ಮನೆಗೆ ಬಿಡುತ್ತೇನೆ.